ಮೂಲೆಯಲ್ಲಿ ಸರ್ವೇಯರನ ಮುಖ

ನನ್ನ ತಂಗಿಯ ಅಳಿಯನನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಸರ್ವೇಯರ್ ಎಂದೇ ಕರೆಯುತ್ತೇವೆ. ಅವನಿಗೂ ಅದು ಇಷ್ಟ. ವಿಮಾ ಕಂಪನಿಯ ಪರವಾಗಿ ಸುಟ್ಟ ಅಂಗಡಿ, ಕಳ್ಳತನವಾದ ಮನೆ, ನೀರು ನುಗ್ಗಿದ ಗೋದಾಮುಗಳಿಗೆ ಹೋಗಿ ಯಾರ ಅಜಾಗರೂಕತೆ ಎಷ್ಟು ಎಂದು ಬರೆಯುವುದು ಅವನ ಕೆಲಸ. ‘ಅಜಾಗರೂಕತೆ’ ಎಂಬ ಪದವನ್ನು ಅವನ ಬಾಯಿಂದ ಕೇಳಬೇಕು. ಬೇರೆಯವರು ಸಿಹಿ ಚಪ್ಪರಿಸುವ ಹಾಗೆ ಅವನು ಆ ಪದವನ್ನು ಚಪ್ಪರಿಸುತ್ತಾನೆ. ಊಟಕ್ಕೆ ಬಂದರೆ ಮೊದಲು ನನ್ನ ಅಡುಗೆಮನೆಯ ಗ್ಯಾಸ್ ಕೊಳವೆ ಹಿಡಿದು ನೋಡುತ್ತಾನೆ, ಆಮೇಲೆ ಕಿಟಕಿಯ ಚಿಲಕ ಅಲ್ಲಾಡಿಸುತ್ತಾನೆ, ಆಮೇಲೆ ಕೈ ತೊಳೆಯುತ್ತಾನೆ. ಊಟ ಚೆನ್ನಾಗಿತ್ತು ಎಂದು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಹೇಳಿದವನಲ್ಲ. ಹೇಳಿಬಿಟ್ಟರೆ ಆಮೇಲೆ ಯಾವುದಾದರೂ ಪರಿಹಾರ ಕೊಡಬೇಕಾಗಿ ಬಂದೀತೆಂಬ ಭಯವಿರಬಹುದು.

ಕಳೆದ ವರ್ಷ ಅವನು ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟ. ಕೊಡುವಾಗ ನಾಲ್ಕು ಜನ ನೆಂಟರನ್ನು ಸುತ್ತ ಕೂರಿಸಿಕೊಂಡೇ ಕೊಟ್ಟ.

“ಎಲ್ಲಾ ಕ್ಲೀನ್ ಮಾಡಿದೀನಿ ದೊಡ್ಡಮ್ಮ. ಹೊಸದು ಅಂತಾನೇ ತಿಳ್ಕೊಳಿ,” ಎಂದ.

ಬ್ರೌಸರ್ ತೆರೆದಾಗ ಬಲಗಡೆಯ ಮೇಲಿನ ಮೂಲೆಯಲ್ಲಿ ಒಂದು ಪುಟ್ಟ ವೃತ್ತ, ಅದರೊಳಗೆ ಕಪ್ಪು ಕನ್ನಡಕ ಹಾಕಿಕೊಂಡ ಅವನ ಮುಖ. ಉದ್ಯಾನದ ಬೆಂಚಿನ ಬೆನ್ನಿಗೆ ದಾನಿಯ ಹೆಸರು ಕೆತ್ತಿರುತ್ತಾರಲ್ಲ, ಇದೂ ಹಾಗೇ ಇರಬೇಕು ಎಂದುಕೊಂಡೆ. ಕೊಟ್ಟದ್ದನ್ನು ಮರೆಯಲು ಬಿಡುವ ಮನುಷ್ಯ ಅವನಲ್ಲ. ಹಾಗಾಗಿ ಆಶ್ಚರ್ಯವಾಗಲಿಲ್ಲ.

ಆ ದಿನವೇ, ಬ್ಯಾಂಕಿನ ಖಾತೆ ತೆರೆಯಲೆಂದು ನಾನು ಹೊರಗೆ ತೆಗೆದಿದ್ದ ನೋಟ್‌ಬುಕ್ ಅವನ ಕಣ್ಣಿಗೆ ಬಿತ್ತು. ಬ್ಯಾಂಕು, ಪಿಂಚಣಿ, ವಿದ್ಯುತ್ ಕಚೇರಿ, ಎಲ್ಲದರ ಪಾಸ್‌ವರ್ಡುಗಳನ್ನು ದುಂಡಗೆ ಬರೆದು, ಬಟ್ಟೆಯ ಕಪಾಟಿನಲ್ಲಿ ಚಳಿಗಾಲದ ಕಂಬಳಿಯ ಕೆಳಗೆ ಇಡುತ್ತಿದ್ದೆ. ಅವನು ಪುಟ ತಿರುಗಿಸಿ, ನೆಂಟರ ಕಡೆ ಎತ್ತಿ ತೋರಿಸಿದ.

“ನೋಡಿ, ನೋಡಿ! ಕಳ್ಳನಿಗೆ ಕರೆಯೋಲೆ! ದೊಡ್ಡಮ್ಮ, ಇದಕ್ಕಿಂತ ಅಜಾಗರೂಕತೆ ನನ್ನ ಸರ್ವೀಸಲ್ಲೇ ನೋಡಿಲ್ಲ.”

“ಕಳ್ಳ ಮೂರನೇ ಮಹಡಿ ಹತ್ತಿ, ಕಪಾಟು ತೆಗೆದು, ಕಂಬಳಿ ಎತ್ತಿ, ನನ್ನ ಕೈಬರಹ ಓದಬೇಕಲ್ಲಪ್ಪ,” ಎಂದೆ.

“ನಗಿಸ್ಬೇಡಿ. ಇನ್ಮೇಲೆ ಬರೆಯೋದು ಬಿಡಿ. ಕಂಪ್ಯೂಟರೇ ಕೇಳುತ್ತೆ, ಪಾಸ್‌ವರ್ಡ್ ಉಳಿಸಲಾ ಅಂತ. ಕೇಳಿದಾಗೆಲ್ಲ ‘ಉಳಿಸು’ ಒತ್ತಿ. ನಿಮ್ಮ ತಲೆಗೆ ಅಷ್ಟು ಕೆಲಸ ಸಾಕು.”

ನನ್ನ ತಲೆಯ ಬಗ್ಗೆ ಅವನಿಗಿದ್ದ ಕಾಳಜಿಗೆ ನೆಂಟರೆಲ್ಲ ನಕ್ಕರು. ಅವನ ಹೆಂಡತಿ, ನನ್ನ ತಂಗಿಯ ಮಗಳು, ಮಾತ್ರ ನಗಲಿಲ್ಲ. ನೋಟ್‌ಬುಕ್ಕನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮಡಚಿದ್ದ ಪುಟದ ಮೂಲೆಯನ್ನು ಬೆರಳಿಂದ ನೇರ ಮಾಡಿ ನನಗೆ ಕೊಟ್ಟಳು. ನಾವು ಅವಳನ್ನು ಪುಟ್ಟಿ ಎನ್ನುತ್ತೇವೆ. ಮೂವತ್ತೆಂಟು ವರ್ಷ, ನನಗಿಂತ ಒಂದು ಗೇಣು ಎತ್ತರ, ಆದರೂ ಪುಟ್ಟಿ.

ಪುಟ್ಟಿಯದು ಕಾಗದ ರಿಪೇರಿಯ ಕೆಲಸ. ಹುಳ ತಿಂದ, ನೀರು ಕುಡಿದ, ಮಡಿಕೆಯಲ್ಲೇ ಮುರಿದ ಹಳೆಯ ಕಾಗದಗಳಿಗೆ ಗೋಧಿಯ ಅಂಟು ಹಚ್ಚಿ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಕಾಗದವನ್ನು ಹಿಂದೆ ಕೂರಿಸಿ ಜೀವ ಕೊಡುವುದು. ಮದುವೆಗೆ ಮುಂಚೆ ಐದು ವರ್ಷ ಒಂದು ಬೈಂಡಿಂಗ್ ಕಾರ್ಖಾನೆಯಲ್ಲಿ ಕಲಿತು ಮಾಡಿದ್ದಳು. ಮದುವೆಯ ನಂತರ ಸರ್ವೇಯರನಿಗೆ ಅಂಟಿನ ವಾಸನೆ ಆಗಿಬರಲಿಲ್ಲ. ಸುಟ್ಟ ಗೋದಾಮಿನ ಹೊಗೆ ಆಗಿಬರುತ್ತದೆ, ಗೋಧಿಯ ಅಂಟು ಆಗುವುದಿಲ್ಲ. ಕೆಲಸ ಬಿಟ್ಟಳು.

ಈ ವರ್ಷ ದಾಖಲೆ ಭಂಡಾರದಲ್ಲಿ ಕಾಗದ ರಿಪೇರಿಯ ಒಂದೇ ಒಂದು ಹುದ್ದೆ ಖಾಲಿಯಾಯಿತು. ಅಂಥ ಹುದ್ದೆ ಖಾಲಿಯಾಗುವುದೇ ಹತ್ತಿಪ್ಪತ್ತು ವರ್ಷಕ್ಕೊಮ್ಮೆ, ಇದ್ದವರು ನಿವೃತ್ತರಾದಾಗ. ಅರ್ಜಿ ಹಾಕಲು ವಯಸ್ಸಿನ ಮಿತಿ ನಲವತ್ತು. ಈ ಸಲ ತಪ್ಪಿದರೆ ಪುಟ್ಟಿಗೆ ಮತ್ತೆ ಆ ಬಾಗಿಲಿಲ್ಲ. ಗಂಡನಿಗೆ ಹೇಳಿದಾಗ ಅವನು “ನೋಡೋಣ” ಎಂದನಂತೆ. ಅವನ ಕಂಪನಿಯಲ್ಲಿ “ನೋಡೋಣ” ಎಂದರೆ ಅರ್ಜಿ ವಜಾ ಆಯಿತೆಂದು ಅರ್ಥ. ಮನೆಯಲ್ಲಿ ಅವಳ ಫೋನು ಕುಯ್ಯೆಂದರೂ ಮೊದಲು ಅವನೇ ಎತ್ತಿ ನೋಡುವವ. ಹಾಗಾಗಿ ಅವಳು ಮಂಗಳವಾರ, ಶುಕ್ರವಾರ ನನಗೆ ಕಂಪ್ಯೂಟರ್ ಕಲಿಸುವ ನೆಪದಲ್ಲಿ ಬಂದು, ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಮಿಂಚಂಚೆ ಖಾತೆ ತೆರೆದು, ನನ್ನ ಫೋನ್ ನಂಬರು ಕೊಟ್ಟು ಅರ್ಜಿ ಹಾಕಿದಳು.

ಖಾತೆಗೆ ಮೊದಲ ಸಲ ಪಾಸ್‌ವರ್ಡ್ ಒತ್ತಿದ ದಿನ, ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಗಿ ಅವಳು ಒಳಗೆ ಓಡಿದಳು. ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿತು. ಈ ಪಾಸ್‌ವರ್ಡ್ ಉಳಿಸಬೇಕೇ ಎಂದು ಬಹಳ ನಯವಾಗಿ ಕೇಳಿತು. ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಸರ್ವೇಯರನ ಪಾಠವೂ ನೆನಪಿತ್ತು. ‘ಉಳಿಸು’ ಒತ್ತಿದೆ. ಪುಟ್ಟಿಗೆ ಹೇಳಲಿಲ್ಲ. ಉಪಕಾರ ಮಾಡಿದ್ದನ್ನು ಹೇಳಿಕೊಳ್ಳುವುದೇನು ಎಂದು ಸುಮ್ಮನಾದೆ!

ಪರೀಕ್ಷೆಗೆ ಕರೆದರು. ಒಂದು ಹರಿದ ಪತ್ರ ಕೊಟ್ಟು ಸರಿಮಾಡಿ ಎಂದರಂತೆ. ಪುಟ್ಟಿ ಹಿಂದಿರುಗಿ ಬಂದಾಗ ಬೆರಳ ತುದಿಗಳನ್ನು ಮೂಸಿಕೊಂಡು ಕೂತಿದ್ದಳು. “ಅದೇ ವಾಸನೆ ದೊಡ್ಡಮ್ಮ,” ಎಂದಳು. ಅವಳು ಹಾಗೆ ಮುಖ ಅರಳಿಸಿದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಅದಾದ ಎರಡನೇ ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ, ಪುಟ್ಟಿ ನನ್ನ ಮನೆಯಲ್ಲಿ ಖಾತೆ ತೆರೆದು ನೋಡಿದಳು. ಏನೂ ಬಂದಿರಲಿಲ್ಲ. “ಬೇರೆಯವರಿಗೆ ಆಗಿರ್ಬೇಕು ಬಿಡಿ,” ಎಂದು ಲ್ಯಾಪ್‌ಟಾಪ್ ಮುಚ್ಚುವುದಕ್ಕೂ ನನ್ನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಯಾಯಿತು. ದಾಖಲೆ ಭಂಡಾರದ ಟಪಾಲು ಗುಮಾಸ್ತೆ. ಪುಟ್ಟಿಯನ್ನು ಕೇಳಿದಳು. ನಾನು ಸ್ಪೀಕರ್ ಒತ್ತಿದೆ.

“ಮೇಡಂ, ತಪ್ಪು ತಿಳೀಬೇಡಿ. ನಾನು ಕೇಳೋ ಹಾಗಿಲ್ಲ, ಆದ್ರೂ ಕೇಳ್ತಿದೀನಿ. ಕೆಲಸ ಬೇಡ ಅಂತ ಬರೆದಿದೀರಲ್ಲ, ಯಾಕೆ?”

“ಬೇಡ ಅಂತ? ನಾನಾ?”

“ಬುಧವಾರ ನಾವು ಆಯ್ಕೆ ಪತ್ರ ಕಳ್ಸಿದ್ವಿ. ಮುಕ್ಕಾಲು ಗಂಟೇಲೇ ನಿಮ್ಮ ಉತ್ತರ ಬಂತು. ಪರೀಕ್ಷೆ ದಿನ ನೀವು, ಕಿಟಕಿ ಪಕ್ಕದ ಮೇಜು ಯಾರದು ಅಂತ ನನ್ನ ಎರಡು ಸಲ ಕೇಳಿದ್ರಿ. ಹಾಗೆ ಕೇಳಿದವರು ಬೇಡ ಅಂತಾರಾ ಅಂತ ನಂಗೆ ಎರಡು ದಿನದಿಂದ ತಲೆ ಕೊರೀತಿದೆ. ಇವತ್ತು ನಾಲ್ಕು ಗಂಟೆಗೆ ನಮ್ಮ ದೊಡ್ಡ ಮೇಡಂ ಪಟ್ಟೀಲಿ ಎರಡನೆಯವರ ಆದೇಶಕ್ಕೆ ಸಹಿ ಹಾಕ್ತಾರೆ. ಆಮೇಲೆ ಏನೂ ಮಾಡಕ್ಕಾಗಲ್ಲ.”

ಯಾರೂ ಹೇಳದಿದ್ದರೂ, ಸಂಬಳದಲ್ಲಿ ಒಂದು ಕಾಸೂ ಹೆಚ್ಚದಿದ್ದರೂ ಫೋನ್ ಮಾಡುವ ಜನ ಇನ್ನೂ ಇದ್ದಾರೆ. ಆ ಹುಡುಗಿಗೆ ನಾನು ಧನ್ಯವಾದ ಹೇಳುವಷ್ಟರಲ್ಲಿ ಪುಟ್ಟಿ ಖಾತೆಯ ಕಸದ ಬುಟ್ಟಿ ತೆರೆದಿದ್ದಳು.

ಎರಡೂ ಪತ್ರ ಅಲ್ಲಿದ್ದವು. ಆಯ್ಕೆ ಪತ್ರ, ಅದರ ಕೆಳಗೆ ಉತ್ತರ. “ಕೌಟುಂಬಿಕ ಜವಾಬ್ದಾರಿಗಳ ಹಿನ್ನೆಲೆಯಲ್ಲಿ ಸದರಿ ಹುದ್ದೆಯನ್ನು ಸ್ವೀಕರಿಸಲು ಅಸಮರ್ಥಳಾಗಿರುತ್ತೇನೆಂದು ಈ ಮೂಲಕ ತಿಳಿಯಪಡಿಸಲಾಗಿದೆ.” ಬರೆದವನು ಕೆಳಗೆ ಪುಟ್ಟಿಯ ಹೆಸರು ಹಾಕಿದ್ದ. ಅಳಿಸಿಯೂ ಇದ್ದ. ಆದರೆ ಕಸವನ್ನು ಬುಟ್ಟಿಗೆ ಹಾಕುವುದೇ ಅವನಿಗೆ ದೊಡ್ಡ ಕೆಲಸ, ಬುಟ್ಟಿ ಖಾಲಿ ಮಾಡುವುದು ಯಾವತ್ತೂ ಹೆಂಡತಿಯ ಪಾಲು. ಇಲ್ಲೂ ಹಾಗೇ ಬಿಟ್ಟುಹೋಗಿದ್ದ.

“ಸದರಿ,” ಎಂದಳು ಪುಟ್ಟಿ. “ಸದರಿ ಅಂತ ನಮ್ಮನೇಲಿ ಒಬ್ಬರೇ ಬರೆಯೋದು.”

“ಅವನಿಗೆ ನಿನ್ನ ಪಾಸ್‌ವರ್ಡ್ ಹೇಗೆ ಗೊತ್ತಾಯ್ತೇ?”

ಅವಳು ಮೂಲೆಯ ವೃತ್ತದ ಮೇಲೆ, ಆ ಕಪ್ಪು ಕನ್ನಡಕದ ಮೇಲೆ ಒತ್ತಿದಳು. ಉದ್ದದ ಪಟ್ಟಿ ತೆರೆದುಕೊಂಡಿತು. ಆಗ ಅವಳು ವಿವರಿಸಿದಳು, ನಾನು ಕೇಳಿಸಿಕೊಂಡೆ. ಅವನು ಲ್ಯಾಪ್‌ಟಾಪ್ ಕ್ಲೀನ್ ಮಾಡಿರಲಿಲ್ಲ, ಬಟ್ಟೆಯಿಂದ ಒರೆಸಿದ್ದ ಅಷ್ಟೆ. ಬ್ರೌಸರ್ ಇನ್ನೂ ಅವನ ಹೆಸರಿನಲ್ಲೇ ನಡೆಯುತ್ತಿತ್ತು. ಇಲ್ಲಿ ‘ಉಳಿಸು’ ಎಂದು ಒತ್ತಿದ್ದೆಲ್ಲ ಅವನ ಖಾತೆಗೆ ಹೋಗಿ, ಅವನ ಜೇಬಿನ ಫೋನಿನಲ್ಲಿ ಹಾಜರಾಗುತ್ತಿತ್ತು. ನನ್ನ ಬ್ಯಾಂಕು, ನನ್ನ ಪಿಂಚಣಿ, ಪುಟ್ಟಿಯ ಪತ್ರಗಳು, ಎಲ್ಲ. ಅದೇ ಥರ ಅವನು ಉಳಿಸಿಟ್ಟದ್ದೂ ನನ್ನ ಮೇಜಿನ ಮೇಲೆ ವರ್ಷದಿಂದ ಬಿದ್ದಿತ್ತು. ಕಂಪನಿಯ ವರದಿಗಳ ತಾಣ, ಬ್ಯಾಂಕು, ಕೂದಲು ಬೆಳೆಸುವ ಎಣ್ಣೆಯ ಮೂರು ಬೇರೆ ಬೇರೆ ಅಂಗಡಿ, ‘ವ್ಯಕ್ತಿತ್ವದಲ್ಲಿ ಗಾಂಭೀರ್ಯ’ ಎಂಬ ಹೆಸರಿನ ತರಗತಿ. ಮೇಲೆ ಕೆಂಪಕ್ಷರದಲ್ಲಿ ಯಂತ್ರವೇ ಬರೆದಿತ್ತು: ನಲವತ್ತೊಂದು ಕಡೆ ಒಂದೇ ಪಾಸ್‌ವರ್ಡ್, ಅದೂ ದುರ್ಬಲ. ಊರವರ ಚಿಲಕ ಅಲ್ಲಾಡಿಸುವ ಮಹಾಶಯನಿಗೆ ಇದ್ದದ್ದು ಒಂದೇ ಕೀಲಿ, ಅದನ್ನೂ ಒಬ್ಬ ಮುದುಕಿಯ ಕೈಗೆ ಕೊಟ್ಟು ಮರೆತಿದ್ದ.

ಪಟ್ಟಿಯ ಕೊನೆಯಲ್ಲಿ ಪುಟ್ಟಿಯ ಮಿಂಚಂಚೆ.

“ಇದನ್ನ ನಾನು ಉಳಿಸಿಲ್ಲ,” ಎಂದಳು.

“ನಾನು ಉಳಿಸಿದ್ದು,” ಎಂದೆ. ಹಾಲು ಉಕ್ಕಿದ ದಿನದ ಕಥೆ ಹೇಳಿದೆ. ಅವಳು ಬೈಯಲಿಲ್ಲ. ನನ್ನ ಕೈ ಹಿಡಿದು ಒಂದು ಸಲ ಒತ್ತಿ, ಬಿಟ್ಟು, ತನ್ನ ಪಾಸ್‌ವರ್ಡನ್ನು ಬದಲಾಯಿಸತೊಡಗಿದಳು.

“ಅವನ ಎಣ್ಣೆ ಅಂಗಡಿಗೆ ಹೋಗಿ ಇನ್ನೂರು ಬಾಟಲಿ ತರಿಸೋಣ್ವಾ?” ಎಂದೆ.

“ಬೇಡ ದೊಡ್ಡಮ್ಮ. ಅಲ್ಲಿ ಇಣುಕೋದೂ ನಂಗೆ ಅಸಹ್ಯ.” ಅವನ ಖಾತೆಯನ್ನು ಪೂರ್ತಿಯಾಗಿ ಹೊರಗೆ ಹಾಕಿದಳು. ಮೂಲೆಯ ಮುಖ ಹೋಯಿತು. “ಚಪ್ಪಲಿ ಹಾಕ್ಕೊಳಿ. ಹೋಗೋಣ.”

ಟ್ಯಾಕ್ಸಿ ಹಿಡಿದೆವು. ರಸ್ತೆ ಅಗೆದ ಕಡೆ ಧೂಳು ಏಳುವ ಮೊದಲೇ ಚಾಲಕ ನನ್ನ ಪಕ್ಕದ ಗಾಜು ಏರಿಸಿದ. ನಾನು ಕೇಳಿರಲಿಲ್ಲ.

ಭಂಡಾರದ ಮುಖ್ಯಸ್ಥೆ ಊಟದ ಡಬ್ಬಿ ಮುಚ್ಚಿ ನಮ್ಮನ್ನು ಒಳಗೆ ಕರೆದರು. ಐವತ್ತೈದು ದಾಟಿದ, ಕನ್ನಡಕವನ್ನು ಕತ್ತಿಗೆ ನೇತುಹಾಕಿದ ಹೆಂಗಸು. ನಾನು ಮಂಡಿ ಹಿಡಿದುಕೊಂಡು ನಿಂತದ್ದನ್ನು ನೋಡಿ ಟಪಾಲು ಗುಮಾಸ್ತೆ ತಾನು ಕೂರುವ ಕುರ್ಚಿಯನ್ನೇ ಎತ್ತಿಕೊಂಡು ಬಂದು ಹಾಕಿದಳು. ಪುಟ್ಟಿ ನಡೆದದ್ದನ್ನು ಹೇಳಿದಳು. ನಾನೂ ನನ್ನ ಪಾಲಿನ ತಪ್ಪನ್ನು ಒಪ್ಪಿಸಿದೆ.

ಮುಖ್ಯಸ್ಥೆ ಕೇಳಿ ಮುಗಿಸಿ ಹೇಳಿದರು: “ನೋಡಿ ಅಮ್ಮ, ಪತ್ರ ಬಂದಿದ್ದು ಇವರ ವಿಳಾಸದಿಂದ. ಮನಸ್ಸು ಬದಲಾಯಿಸಿದವರು ಗಂಡನ ಮೇಲೆ ಹಾಕೋದು ನಾನು ಕಂಡಿಲ್ವಾ? ನಂಗೆ ಪುರಾವೆ ಏನಿದೆ?”

“ಅವರನ್ನೇ ಕೇಳಿ ಮೇಡಂ,” ಎಂದು ಪುಟ್ಟಿ ನಂಬರು ಹೇಳಿದಳು.

ಅವನು ಸುಳ್ಳು ಹೇಳುತ್ತಾನೆ, ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಅವನ ಬಗ್ಗೆ ಹನ್ನೊಂದು ವರ್ಷ ಕೆಟ್ಟದ್ದನ್ನೇ ಯೋಚಿಸಿದರೂ ಸಾಲಲಿಲ್ಲವೆಂದು ಗೊತ್ತಾದದ್ದು ಆಗಲೇ. ಸುಳ್ಳು ಹೇಳಲು ತಾನು ತಪ್ಪು ಮಾಡಿದ್ದೇನೆಂದು ಗೊತ್ತಿರಬೇಕಲ್ಲ?

ಮುಖ್ಯಸ್ಥೆ ಮೇಜಿನ ಫೋನಿನ ಸ್ಪೀಕರ್ ಒತ್ತಿ, ಎಲ್ಲರೂ ಇಲ್ಲೇ ಇದ್ದಾರೆಂದು ಮೊದಲೇ ತಿಳಿಸಿ, ಆ ಪತ್ರದ ವಿಷಯ ಎತ್ತಿದರು.

“ಹಾ, ಹಾ, ನಮಸ್ಕಾರ ಮೇಡಂ. ಅದು ನಾನೇ ಬರೆದಿದ್ದು,” ಎಂದಿತು ಸರ್ವೇಯರನ ದನಿ. “ಬೆಂಕಿ ಕೇಸಿನ ಮಧ್ಯ ನಿಂತ್ಕೊಂಡು ಫೋನಲ್ಲೇ ಬರೆದೆ. ಭಾಷೆ ಚೆನ್ನಾಗಿತ್ತಲ್ವಾ?”

“ನಿಮ್ಮ ಹೆಂಡತಿ ಬರೀರಿ ಅಂದಿದ್ರಾ?”

“ಅವಳಿಗೇನು ಗೊತ್ತಾಗುತ್ತೆ ಮೇಡಂ? ನಾವಿಬ್ಬರೂ ಆಫೀಸಿನ ಜನ, ನಿಮಗೆ ಅರ್ಥ ಆಗುತ್ತೆ. ಹಳೇ ಕಾಗದ, ಧೂಳು, ಅಂಟು… ಅದೆಲ್ಲ ಮನೇಲಿರೋ ಹೆಂಗಸಿಗೆ ಯಾಕೆ? ನಿಮ್ಮ ಸಮಯಾನೂ ಉಳೀತು.”

“ಅವರ ಪಾಸ್‌ವರ್ಡ್ ನಿಮ್ಮ ಹತ್ರ ಹೇಗೆ ಬಂತು?”

“ಅದಾ! ಕದ್ದಿದ್ದಲ್ಲ ಮತ್ತೆ. ತಾನಾಗೇ ನನ್ನ ಫೋನಲ್ಲಿ ಬಂದು ಕೂತಿತ್ತು. ಅವರ ಅಜಾಗರೂಕತೆ. ಬಾಗಿಲು ತೆಗೆದಿಟ್ಟಿದ್ರು, ನಾನು ಒಳಗೆ ಹೋದೆ.”

“ಸರ್, ನೀವು ಕಳ್ಳತನದ ಕೇಸೂ ನೋಡ್ತೀರಂತೆ. ಬಾಗಿಲು ತೆಗೆದಿದ್ದ ಮನೆಗೆ ಹೋಗಿ ಸಾಮಾನು ತಂದವನನ್ನ ನಿಮ್ಮ ವರದೀಲಿ ಏನಂತ ಬರೀತೀರಿ?”

ಫೋನಿನಲ್ಲಿ ಎಲ್ಲೋ ಹಿಂದೆ ಯಾರೋ ಸಲಿಕೆಯಿಂದ ಬೂದಿ ಎಳೆಯುವ ಸದ್ದು ಕೇಳಿಸಿತು.

“ಅದು ಬೇರೆ ಮೇಡಂ. ಇದು ಮನೆ ವಿಷಯ. ಪುಟ್ಟಿ, ಕೇಳಿಸ್ತಿದೆಯಾ? ಮನೆಗೆ ನಡಿ. ಸಾಯಂಕಾಲ ಮಾತಾಡೋಣ. ದೊಡ್ಡಮ್ಮ, ನೀವೂ ಈ ವಯಸ್ಸಲ್ಲಿ…”

ಈ ವಯಸ್ಸಿನಲ್ಲಿ ನಾನೇನು ಎಂಬುದು ಗೊತ್ತಾಗಲಿಲ್ಲ. ಮುಖ್ಯಸ್ಥೆ ಗುಂಡಿ ಒತ್ತಿ ಫೋನ್ ಇಟ್ಟಿದ್ದರು. ಟಪಾಲು ಗುಮಾಸ್ತೆ ಬಾಗಿಲ ಹತ್ತಿರ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಅವರದ್ದು ಗೊತ್ತಾಯ್ತು,” ಎಂದರು ಮುಖ್ಯಸ್ಥೆ, ಪುಟ್ಟಿಯ ಕಡೆ ತಿರುಗಿ. ದನಿ ಮೆತ್ತಗಾಗಿರಲಿಲ್ಲ. “ಈಗ ನಿಮ್ಮದು ಹೇಳಿ. ಇಲ್ಲಿ ದತ್ತು ಪತ್ರ ಇದೆ, ಉಯಿಲು ಇದೆ, ಯಾರ ಮನೆಯ ಮಗ ಯಾರಿಗೆ ಹುಟ್ಟಿದ್ದು ಅಂತ ಇದೆ. ಕಪಾಟಿನ ಕೀಲಿ, ಕಂಪ್ಯೂಟರಿನ ಕೀಲಿ ಎರಡೂ ನಿಮ್ಮ ಕೈಗೆ ಕೊಡ್ತೀವಿ. ಸ್ವಂತ ಪತ್ರಾನೇ ಕಾಯ್ದುಕೊಳ್ಳಕ್ಕಾಗದೆ ಇರೋರಿಗೆ ನಾನು ಹೇಗೆ ಕೊಡ್ಲಿ?”

“ಒತ್ತಿದ್ದು ನಾನು…” ಎಂದು ನಾನು ಬಾಯಿ ಹಾಕಿದೆ.

“ನೀವಿರಿ ದೊಡ್ಡಮ್ಮ.” ಪುಟ್ಟಿ ತನ್ನ ಕೈಗಳನ್ನೇ ನೋಡುತ್ತ ಹೇಳಿದಳು. “ತಪ್ಪು ನಂದೂ ಇದೆ ಮೇಡಂ. ಆ ಮೂಲೇಲಿ ಅವರ ಚಿತ್ರ ಇದ್ದಿದ್ದು ಮೊದಲ ದಿನಾನೇ ನೋಡಿದ್ದೆ. ಅದು ಇದ್ರೆ ಏನಾಗುತ್ತೆ ಅಂತಾನೂ ನಂಗೆ ಗೊತ್ತಿತ್ತು. ತೆಗೆದ್ರೆ ಯಾಕೆ ತೆಗೆದೆ ಅಂತ ಕೇಳ್ತಾರೆ, ಯಾರಿಗೆ ಬೇಕು ಅಂತ ಬಿಟ್ಟೆ. ಮನೇಲೂ ಹಾಗೇ ಬಿಟ್ಟು ಬಿಟ್ಟು ಅಭ್ಯಾಸ ಆಗಿತ್ತು.” ತಲೆಯೆತ್ತಿದಳು. “ಇವತ್ತು ಬೆಳಿಗ್ಗೆ ತೆಗೆದೆ. ಬರೋಕೆ ಮುಂಚೆ.”

ಗೋಡೆಯ ಗಡಿಯಾರ ಎರಡು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಮುಖ್ಯಸ್ಥೆ ಮೇಜಿನ ಮೇಲಿದ್ದ ಕಡತವನ್ನು ಎಳೆದುಕೊಂಡು, ಎರಡನೆಯ ಅಭ್ಯರ್ಥಿಯ ಆದೇಶವನ್ನು ತೆಗೆದು, ಹಿಂದೆ ಮುಂದೆ ನೋಡಿದರು. ಟಪಾಲು ಗುಮಾಸ್ತೆ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಮೇಲೆ ಮುಖ್ಯಸ್ಥೆ ಆ ಆದೇಶವನ್ನು ಕಡತದ ತಳಕ್ಕೆ ಸೇರಿಸಿ, ಒಂದು ಬಿಳಿ ಹಾಳೆಯನ್ನು ಪುಟ್ಟಿಯ ಮುಂದೆ ಸರಿಸಿದರು.

“ಹುದ್ದೆ ಒಪ್ಕೊಂಡಿದೀನಿ, ಹಿಂದಿನ ಪತ್ರ ನಂದಲ್ಲ ಅಂತ ಕೈಯಲ್ಲಿ ಬರೆದು ಸಹಿ ಹಾಕಿ. ಆರು ತಿಂಗಳು ಪರೀಕ್ಷೆ ಅವಧಿ. ಕೀಲಿ ವಿಷಯದಲ್ಲಿ ಒಂದೇ ಒಂದು ಸಲ ಎಡವಿದ್ರೂ ನಾನು ಫೋನ್ ಮಾಡಿ ಕೇಳ್ತಾ ಕೂರಲ್ಲ.”

ಪುಟ್ಟಿ ಬರೆದಳು. ಮೂರೇ ಸಾಲು, ಒಂದರಲ್ಲೂ ‘ಸದರಿ’ ಇರಲಿಲ್ಲ. ಮುಖ್ಯಸ್ಥೆ ಓದಿ, ತಾರೀಕಿನ ಮುದ್ರೆ ಒತ್ತಿ, “ಸೋಮವಾರ ಒಂಬತ್ತೂವರೆ,” ಎಂದು ಡಬ್ಬಿಯ ಮುಚ್ಚಳ ಮತ್ತೆ ತೆಗೆದರು. ಅವರ ಅನ್ನ ಅಷ್ಟರಲ್ಲಿ ತಣ್ಣಗಾಗಿತ್ತು.

ಹೊರಗಿನ ಕೋಣೆಯಲ್ಲಿ ಟಪಾಲು ಗುಮಾಸ್ತೆ ಪುಟ್ಟಿಯ ಹೆಸರಿನಲ್ಲಿ ಕಚೇರಿಯ ಖಾತೆ ತೆರೆಯತೊಡಗಿದಳು. ಪುಟ್ಟಿಯ ಚೀಲದಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು.

“ಫೋನ್ ತೆಗೀಬೇಕಾ ಮೇಡಂ?” ಎಂದು ಗುಮಾಸ್ತೆ ಕೇಳಿದಳು.

“ಬೇಡ. ನಷ್ಟ ಎಷ್ಟಾಯ್ತು ಅಂತ ಸರ್ವೇ ಮಾಡ್ತಿರ್ತಾರೆ, ಮಾಡ್ಲಿ.” ಪುಟ್ಟಿ ನನ್ನ ಕಡೆ ನೋಡದೆಯೇ ಕೇಳಿದಳು, “ದೊಡ್ಡಮ್ಮ, ನಿಮ್ಮ ಆ ಕಡೆ ಕೋಣೆ ಖಾಲಿ ಇದೆ ತಾನೇ?”

“ಇಸ್ತ್ರಿ ಮೇಜು ಇದೆ. ತೆಗೆದ್ರಾಯ್ತು,” ಎಂದೆ.

“ಮೇಜು ಇರ್ಲಿ. ನಂಗೆ ಬೇಕಾಗುತ್ತೆ.”

ಟಪಾಲು ಗುಮಾಸ್ತೆ ಕೀಬೋರ್ಡನ್ನು ಅವಳ ಕಡೆ ಸರಿಸಿ, “ಇಲ್ಲಿ ನಿಮ್ಮ ಪಾಸ್‌ವರ್ಡ್ ಹಾಕಿ,” ಎಂದಳು. ಹಾಗೆಂದವಳು ಎದ್ದು ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ, ಹೊರಗಿನ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತಳು. ನೋಡಲು ಅಲ್ಲಿ ಏನೂ ಇರಲಿಲ್ಲ. ನಾನೂ ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತೆ. ಹಿಂದೆ ಕೀಲಿಮಣೆಯ ಸದ್ದು ನಿಧಾನವಾಗಿ ಶುರುವಾಗಿ, ಬಹಳ ಹೊತ್ತು ನಡೆಯಿತು. ಪುಟ್ಟಿ ಉದ್ದದ್ದೇ ಏನನ್ನೋ ಬರೆಯುತ್ತಿದ್ದಳು.